ಆಟಿಕೆಯಿಲ್ಲದೆ ಬೆಳೆದ ಹುಡುಗ ಅಳೆದ ಮೂರೂಮುಕ್ಕಾಲು ಇಂಚು

ಸ್ಟಾರ್ ವಾರ್ಸ್ ಸಿನಿಮಾದ ಡಾರ್ತ್ ವೇಡರ್ ಅಂದ್ರೆ ಕಪ್ಪು ಮುಖವಾಡ, ಭಾರೀ ಉಸಿರು, ಕೈಯಲ್ಲಿ ಕೆಂಪು ಬೆಳಕಿನ ಕತ್ತಿ. ದೊಡ್ಡವರೂ ಸ್ವಲ್ಪ ಹಿಂಜರಿಯುವಂಥ ಖಳನಾಯಕ. ಇದೇ ವೇಡರ್‌ನನ್ನು ಹ್ಯಾಸ್ಬ್ರೋ ಕಂಪನಿ ತನ್ನ ಪ್ಲೇಸ್ಕೂಲ್ ಬ್ರಾಂಡಿನಲ್ಲಿ ಪುಟಾಣಿಗಳಿಗೂ ಮಾಡಿದೆ. ಗ್ಯಾಲಕ್ಟಿಕ್ ಹೀರೋಸ್ ಅಂತ ಹೆಸರು. ಅದರಲ್ಲಿ ವೇಡರ್ ಕುಳ್ಳ, ತಲೆ ದೊಡ್ಡದು, ಹೊಟ್ಟೆ ದುಂಡಗೆ. ಕತ್ತಿ ಬೆರಳಿನಷ್ಟು ದಪ್ಪ, ಅದೂ ಕೈಗೇ ಅಂಟಿಕೊಂಡ ಹಾಗೆ ಅಚ್ಚು ಹಾಕಿದ್ದು. ನೋಡಿದವರು ಮುದ್ದಾಗಿದೆ ಅಂತಾರೆ. ಮುದ್ದು ಸರಿಯೇ, ಆದರೆ ಆ ದಪ್ಪಕ್ಕೆ ಮುದ್ದಿಗಿಂತ ಗಟ್ಟಿಯಾದ ಕಾರಣವಿದೆ. ಅದನ್ನು ಹುಡುಕಿಕೊಂಡು ಹೊರಟರೆ ಬರ್ನಾರ್ಡ್ ಲೂಮಿಸ್ ಎಂಬ ಒಬ್ಬ ಸೇಲ್ಸ್‌ಮನ್ ಬದುಕಿನ ಹತ್ತಿರ ಹೋಗಿ ನಿಲ್ಲುತ್ತೇವೆ.

ಆಟಿಕೆ ಉದ್ಯಮದಲ್ಲಿ ಲೂಮಿಸ್ ದೊಡ್ಡ ಹೆಸರು. ನಮ್ಮಲ್ಲಿ ಕೇಳಿದವರು ಕಡಿಮೆ. ಆದರೆ 90ರ ದಶಕದಲ್ಲಿ ಬೆಳೆದ ನನ್ನಂಥವರ ಶಾಲೆ ಬ್ಯಾಗಿನಲ್ಲಿ ಅವರ ಕೈ ಇತ್ತು. ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಗೊಂಬೆಗಳು ನೆನಪಿವೆಯಾ? ಅಂಗೈಯಲ್ಲಿ ಮುಚ್ಚಿಡಬಹುದಾದ ಆ ಸೈನಿಕರ ಎತ್ತರ ಸುಮಾರು ಮೂರೂಮುಕ್ಕಾಲು ಇಂಚು. ಆ ಅಳತೆಯನ್ನು ಜಗತ್ತಿನ ರೂಢಿ ಮಾಡಿದವರು ಲೂಮಿಸ್.

ಅವರು ಹುಟ್ಟಿದ್ದು 1923ರ ಜುಲೈ 4ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಬಾಲ್ಯ ಕಳೆದದ್ದು ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ತಂದೆ ರಷ್ಯಾದಿಂದ ವಲಸೆ ಬಂದವರು. ಮನೆಯಲ್ಲಿ ಆಟಿಕೆ ಕೊಳ್ಳುವಷ್ಟು ದುಡ್ಡಿರಲಿಲ್ಲ. ಲಯೋನೆಲ್ ಕಂಪನಿಯ ಆಟದ ರೈಲುಗಳ ಕ್ಯಾಟಲಾಗ್ ಹಿಡಿದು, ರೈಲು ಸಿಗದ ಹುಡುಗ ಅದರ ಪುಟಗಳನ್ನೇ ತಿರುವಿ ತಿರುವಿ ಓದುತ್ತಿದ್ದನಂತೆ. ವಸ್ತು ಕೈಗೆ ಸಿಗೋ ಮೊದಲೇ ಅದರ ಚಿತ್ರ, ಅದರ ಆಸೆ ಮಗುವನ್ನು ಎಷ್ಟು ಹಿಡಿದಿಡುತ್ತದೆ ಅನ್ನೋದು ಅವನಿಗೆ ಅನುಭವದಿಂದಲೇ ಗೊತ್ತಿತ್ತು. ಮುಂದೆ ಅವರು ಮಾಡಿದ ಅತಿ ದೊಡ್ಡ ವ್ಯಾಪಾರ ನಿಂತಿದ್ದು ಇದೇ ತಿಳಿವಳಿಕೆಯ ಮೇಲೆ.

ಎರಡನೇ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದು ಬಂದ ಮೇಲೆ ಲೂಮಿಸ್ ಮಾರಾಟದ ಕೆಲಸಕ್ಕೆ ಇಳಿದರು. 60ರ ದಶಕ ಕಳೆದದ್ದು ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪನಿಯಲ್ಲಿ. 1968ರಲ್ಲಿ ಹಾಟ್ ವೀಲ್ಸ್ ಪುಟ್ಟ ಕಾರುಗಳು ಬಂದವು. ಮರುವರ್ಷ ಅದೇ ಹೆಸರಿನ ಕಾರ್ಟೂನ್ ಎಬಿಸಿ ಟೀವಿಯಲ್ಲಿ ಶುರುವಾಯಿತು. ಪ್ರತಿಸ್ಪರ್ಧಿ ಕಂಪನಿಯೊಂದು ತಕರಾರು ತೆಗೆಯಿತು: ಇದು ಕಾರ್ಯಕ್ರಮವಲ್ಲ, ಅರ್ಧ ಗಂಟೆಯ ಜಾಹೀರಾತು ಅಂತ. ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೂ ಹಾಗೇ ಅನ್ನಿಸಿತು. ಕಾರ್ಟೂನ್ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಕತೆ ಮತ್ತು ಆಟಿಕೆ ಒಂದಕ್ಕೊಂದು ಗಿರಾಕಿ ತಂದುಕೊಡಬಲ್ಲವು ಎಂಬ ಲೆಕ್ಕ ಲೂಮಿಸ್ ಜೊತೆಗೇ ಉಳಿಯಿತು.

70ರ ದಶಕದ ಆರಂಭದಲ್ಲಿ ಅವರು ಸಿನ್ಸಿನಾಟಿಯ ಕೆನ್ನರ್ ಕಂಪನಿಗೆ ಮುಖ್ಯಸ್ಥರಾಗಿ ಹೋದರು. ಕೆನ್ನರ್ ಆಗ ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿಯ ಕೈಯಲ್ಲಿತ್ತು. ಅಲ್ಲಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್ ಎಂಬ ಟೀವಿ ಧಾರಾವಾಹಿಯ ನಾಯಕನನ್ನು ಗೊಂಬೆ ಮಾಡಿ ಗೆದ್ದರು. ಆ ಗೊಂಬೆ ಒಂದು ಅಡಿಗೂ ಎತ್ತರ. ಆ ಕಾಲದ ಗಂಡುಮಕ್ಕಳ ಗೊಂಬೆಗಳೆಲ್ಲ ಹೆಚ್ಚುಕಡಿಮೆ ಎಂಟರಿಂದ ಹನ್ನೆರಡು ಇಂಚಿನವು.

ಒಂದು ಕತೆಯಿಂದ ಆಟಿಕೆ ಹುಟ್ಟುತ್ತದೋ ಇಲ್ಲವೋ ಅಂತ ಅಳೆಯಲು ಲೂಮಿಸ್ ಒಂದು ಪದವನ್ನೇ ಬಳಕೆಗೆ ತಂದರು. ಟಾಯೆಟಿಕ್. ಆಟಿಕೆಯಾಗುವ ಗುಣ ಅಂತಿಟ್ಟುಕೊಳ್ಳಿ. ಸ್ಟೀವನ್ ಸ್ಪೀಲ್‌ಬರ್ಗ್ ಅವರ ಕ್ಲೋಸ್ ಎನ್‌ಕೌಂಟರ್ಸ್ ಚಿತ್ರಕ್ಕೆ ಆ ಗುಣವಿಲ್ಲ ಅಂತ ಅವರು ನಿರ್ದೇಶಕರಿಗೇ ಹೇಳಿದ ಪ್ರಸಂಗ ಆಟಿಕೆ ಉದ್ಯಮದಲ್ಲಿ ಇವತ್ತಿಗೂ ಓಡಾಡುತ್ತದೆ. ಸ್ಪೀಲ್‌ಬರ್ಗ್ ತಮ್ಮದು ಸ್ಟಾರ್ ವಾರ್ಸ್ ಅಲ್ಲ ಅಂದರಂತೆ. ಇಂದು ಹಾಲಿವುಡ್‌ನಲ್ಲಿ ಚಿತ್ರಕತೆ ಒಪ್ಪಿಕೊಳ್ಳುವ ಮೊದಲು ಎಷ್ಟು ಸಾಮಾನು ಮಾರಬಹುದು ಅಂತ ಕೇಳುವ ಅಭ್ಯಾಸವಿದೆಯಲ್ಲ, ಅದಕ್ಕೆ ಹೆಸರು ಕೊಟ್ಟವರು ಇವರು.

ಇನ್ನು ಸ್ಟಾರ್ ವಾರ್ಸ್. ಜಾರ್ಜ್ ಲ್ಯೂಕಾಸ್ ಅವರ ಈ ಚಿತ್ರದ ಆಟಿಕೆ ಹಕ್ಕನ್ನು ಆಗ ಗೊಂಬೆಗಳಲ್ಲಿ ಮುಂದಿದ್ದ ಮೆಗೋ ಕಂಪನಿ ಬೇಡ ಅಂದಿತ್ತು. ಕೆನ್ನರ್ ತೆಗೆದುಕೊಂಡಿತು. ಲೂಮಿಸ್‌ಗೆ ಅದರಲ್ಲಿ ಕಂಡದ್ದು ವಾಹನಗಳು. ಹಾರುವ ನೌಕೆ, ಯುದ್ಧ ವಿಮಾನ. ಆದರೆ ಹನ್ನೆರಡು ಇಂಚಿನ ನಾಯಕನನ್ನು ಒಳಗೆ ಕೂರಿಸಬೇಕಾದರೆ ಮಿಲೆನಿಯಂ ಫಾಲ್ಕನ್ ನೌಕೆ ಊಟದ ಮೇಜಿಗಿಂತ ದೊಡ್ಡದಾಗುತ್ತಿತ್ತು. ಅದನ್ನು ಯಾರು ಕೊಳ್ಳುತ್ತಾರೆ, ಮನೆಯಲ್ಲಿ ಎಲ್ಲಿ ಇಡುತ್ತಾರೆ? ಲೂಮಿಸ್ ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿ ಹಿಡಿದು, ಗೊಂಬೆ ಇಷ್ಟಿದ್ದರೆ ಹೇಗೆ ಅಂತ ತಮ್ಮ ವಿನ್ಯಾಸಕಾರರನ್ನು ಕೇಳಿದರಂತೆ. ಅಳೆದು ನೋಡಿದರೆ ಮೂರೂಮುಕ್ಕಾಲು ಇಂಚು, ಅಂದರೆ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ಇಂಜಿನಿಯರಿಂಗ್ ಓದಿದವನಾಗಿ ನನಗೆ ಈ ನಿರ್ಧಾರ ತುಂಬ ಇಷ್ಟ. ಒಂದು ಅಳತೆ ಸರಿಹೋದ ಕೂಡಲೇ ಪ್ಲಾಸ್ಟಿಕ್ ಖರ್ಚು ಇಳಿಯಿತು, ಗೊಂಬೆಯ ಬೆಲೆ ಇಳಿಯಿತು, ಒಂದರ ಬದಲು ಹತ್ತು ಕೊಳ್ಳಬಹುದಾಯಿತು.

1977ರ ಮೇ 25ಕ್ಕೆ ಚಿತ್ರ ಬಿಡುಗಡೆಯಾಯಿತು. ಯಾರೂ ಊಹಿಸದಷ್ಟು ಓಡಿತು. ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳೆಲ್ಲ ಗೊಂಬೆ ಕೇಳುತ್ತಿದ್ದರು. ಕೆನ್ನರ್ ಹತ್ತಿರ ಗೊಂಬೆಯೇ ಇರಲಿಲ್ಲ. ಅಚ್ಚು ತಯಾರಾಗಿ, ಸರಕು ಬಂದು ಅಂಗಡಿ ತಲುಪಲು ತಿಂಗಳುಗಟ್ಟಲೆ ಬೇಕು. ಆಗ ಲೂಮಿಸ್ ಖಾಲಿ ಡಬ್ಬಿ ಮಾರಿದರು. ಒಳಗಿದ್ದದ್ದು ರಟ್ಟಿನ ವೇದಿಕೆ, ಒಂದಿಷ್ಟು ಸ್ಟಿಕ್ಕರು, ಜೊತೆಗೆ ಒಂದು ಪ್ರಮಾಣಪತ್ರ. ಅದನ್ನು ತುಂಬಿ ಅಂಚೆಗೆ ಹಾಕಿದರೆ 1978ರ ಆರಂಭದ ತಿಂಗಳುಗಳಲ್ಲಿ ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್2-ಡಿ2 ಎಂಬ ನಾಲ್ಕು ಗೊಂಬೆ ಮನೆಗೆ ಬರುತ್ತವೆ. ಗೇಲಿ ಮಾಡಿದವರು ಬೇಕಾದಷ್ಟು. ಮಕ್ಕಳು ಮಾತ್ರ ಕಾದರು. ರೈಲಿಲ್ಲದೆ ಕ್ಯಾಟಲಾಗ್ ಓದಿದ್ದ ಹುಡುಗನಿಗೆ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. 1978ರ ಒಂದೇ ವರ್ಷದಲ್ಲಿ ಕೆನ್ನರ್‌ನ ಸ್ಟಾರ್ ವಾರ್ಸ್ ಸರಕಿನ ಮಾರಾಟ 4 ಕೋಟಿ ದಾಟಿತು.

ಇಲ್ಲಿಯವರೆಗಿನದು ಗೆದ್ದವರ ಕತೆ. ಬಿಸಿನೆಸ್ ಪುಸ್ತಕಗಳು ಇಲ್ಲಿಗೇ ಚಪ್ಪಾಳೆ ಹೊಡೆದು ಮುಗಿಸುತ್ತವೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ.

ಗೊಂಬೆ ಮೂರೂಮುಕ್ಕಾಲು ಇಂಚಾದರೆ ಅದರ ಕೈಯ ಬಂದೂಕು ಎಷ್ಟಾಗಬೇಕು? ಅಕ್ಕಿಕಾಳು ಅಲ್ಲದಿದ್ದರೂ ಕಡಲೆಬೀಜದ ಲೆಕ್ಕಕ್ಕೆ ಬಂತು. ಲ್ಯೂಕ್‌ನ ಕತ್ತಿ ತೋಳಿನೊಳಗಿಂದ ಜಾರಿ ಬರುವ ತೆಳ್ಳಗಿನ ಕಡ್ಡಿ. ಡಬ್ಬಿಯ ಮೇಲೆ 4 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿತ್ತು, ನಿಜ. ಆದರೆ ಮನೆ ಅಂದ್ರೆ ಡಬ್ಬಿಯಲ್ಲ. ಆರು ವರ್ಷದ ಅಣ್ಣ ಆಡಿ ನೆಲದ ಮೇಲೆ ಬಿಟ್ಟುಹೋದದ್ದನ್ನು ಒಂದೂವರೆ ವರ್ಷದ ತಂಗಿ ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡದ್ದು ನೇರ ಬಾಯಿಗೆ ಹೋಗುತ್ತದೆ. ಆ ವಯಸ್ಸಿನಲ್ಲಿ ಜಗತ್ತನ್ನು ಪರೀಕ್ಷೆ ಮಾಡುವುದೇ ಬಾಯಿಯಿಂದ.

1978ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಆಟಿಕೆ ಹಾರಿಸಿದ ಪುಟ್ಟ ಕ್ಷಿಪಣಿ ಗಂಟಲಲ್ಲಿ ಸಿಕ್ಕಿಕೊಂಡು ತೀರಿಕೊಂಡ. ಅದು ಕೆನ್ನರ್‌ನದಲ್ಲ. ಮ್ಯಾಟೆಲ್ ತಂದಿದ್ದ, ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಧಾರಾವಾಹಿಯ ನೌಕೆಯದು. ಸ್ಟಾರ್ ವಾರ್ಸ್ ಗೆದ್ದ ದಾರಿಯಲ್ಲೇ ಹೊರಟಿದ್ದ ಆಟಿಕೆ. ಆಗ ಕೆನ್ನರ್ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆ ತಯಾರು ಮಾಡುತ್ತಿತ್ತು, ಬೆನ್ನಿನಿಂದ ರಾಕೆಟ್ ಹಾರಿಸುವಂಥದ್ದು. ಜಾಹೀರಾತೂ ಕೊಟ್ಟಾಗಿತ್ತು. ಕಂಪನಿ ಹಿಂದೆ ಸರಿಯಿತು. ಕೊನೆಗೆ ಮಕ್ಕಳಿಗೆ ಹೋದ ಗೊಂಬೆಯಲ್ಲಿ ರಾಕೆಟ್ ಬೆನ್ನಿಗೇ ಬೆಸೆದುಕೊಂಡಿತ್ತು. ಹಾರಿಸುವ ಮಾದರಿಗಳು ಕೆಲವು ಮಾತ್ರ ಉಳಿದವು. ಅವುಗಳಲ್ಲೊಂದು 2024ರಲ್ಲಿ 5 ಲಕ್ಷ 25 ಸಾವಿರ ಡಾಲರ್‌ಗೆ ಹರಾಜಾಯಿತು. ಮಕ್ಕಳಿಗೆ ಅಪಾಯ ಅಂತ ನಿಲ್ಲಿಸಿದ ವಸ್ತು ದೊಡ್ಡವರ ಪಾಲಿಗೆ ನಿಧಿಯಾಯಿತು. ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಆ ವೇಳೆಗಾಗಲೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ನಿಯಮ ಸಿದ್ಧಪಡಿಸುತ್ತಿತ್ತು. 1980ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರ ಸಾಧನ ಒಂದು ಪುಟ್ಟ ಲೋಹದ ಸಿಲಿಂಡರ್. ಒಳಗಿನ ಅಗಲ 31.7 ಮಿಲಿಮೀಟರ್. ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಚಿಕ್ಕ ಮಗುವಿನ ಪೂರ್ತಿ ತೆರೆದ ಗಂಟಲಿನ ಅಂದಾಜು ಅದು. ಮೂರು ವರ್ಷದೊಳಗಿನವರ ಆಟಿಕೆಯ ಯಾವುದೇ ಭಾಗ, ಒತ್ತದೆ ಬಿಟ್ಟಾಗ, ಪೂರ್ತಿ ಇದರೊಳಗೆ ಕೂತುಬಿಟ್ಟರೆ ಆ ಆಟಿಕೆ ಮಾರುವಂತಿಲ್ಲ. ಅಷ್ಟೇ ಅಲ್ಲ, ಆಟಿಕೆಯನ್ನು ಬೀಳಿಸಿ, ತಿರುಚಿ, ಎಳೆದು ನೋಡುತ್ತಾರೆ. ಮುರಿದು ಬಂದ ಚೂರಿಗೂ ಅದೇ ಪರೀಕ್ಷೆ. ಮೆಕ್ಯಾನಿಕಲ್ ಲ್ಯಾಬಿನಲ್ಲಿ ಗೋ, ನೋ-ಗೋ ಗೇಜ್ ಹಿಡಿದವರಿಗೆ ಇದು ಪರಿಚಿತ ತರ್ಕ: ಹೋಗುತ್ತಾ, ಹೋಗಲ್ವಾ, ಮಧ್ಯೆ ವಾದವಿಲ್ಲ.

ಈಗ ಗ್ಯಾಲಕ್ಟಿಕ್ ಹೀರೋಸ್ ಗೊಂಬೆಯನ್ನು ಮತ್ತೆ ನೋಡಿ. ದೊಡ್ಡ ತಲೆ, ದಪ್ಪ ಕತ್ತಿ, ಕೈಯಿಂದ ಬಿಡಿಸಲಾಗದ ಆಯುಧ, ಕಡಿಮೆ ಕೀಲುಗಳು. ಪುಟ್ಟ ಮಕ್ಕಳ ಆಟಿಕೆಯ ಆಕಾರವನ್ನು ಕಲಾವಿದ ಎಷ್ಟು ತೀರ್ಮಾನಿಸುತ್ತಾನೋ ಆ ಸಿಲಿಂಡರೂ ಅಷ್ಟೇ ತೀರ್ಮಾನಿಸುತ್ತದೆ. ಕೆನ್ನರ್ ಕೈಬದಲಾಗಿ 1991ರಲ್ಲಿ ಹ್ಯಾಸ್ಬ್ರೋ ಪಾಲಾಗಿತ್ತು. ಅಷ್ಟು ಹೊತ್ತಿಗೆ ಮೊದಲ ಸ್ಟಾರ್ ವಾರ್ಸ್ ನೋಡಿದ ಮಕ್ಕಳೇ ಅಪ್ಪ ಅಮ್ಮ ಆಗುತ್ತಿದ್ದರು. ತಮ್ಮ ಪ್ರೀತಿಯ ಸಿನಿಮಾವನ್ನು ಅವರು ಮಗುವಿಗೆ ದಾಟಿಸಬೇಕಿತ್ತು. ಸಿನಿಮಾ ನೋಡುವ ವಯಸ್ಸಾಗುವವರೆಗೆ ಕಾಯಲು ಅವರಿಗೂ ಮನಸ್ಸಿಲ್ಲ, ಕಂಪನಿಗೂ ಇಲ್ಲ.

ಲೂಮಿಸ್ ಅಷ್ಟರಲ್ಲಿ ಬೇರೆ ಕಡೆ ದುಡಿದಿದ್ದರು. ಸ್ಟ್ರಾಬೆರಿ ಶಾರ್ಟ್‌ಕೇಕ್, ಕೇರ್ ಬೇರ್ಸ್ ಥರದ ಪಾತ್ರಗಳ ಹಿಂದೆಯೂ ಅವರಿದ್ದರು. ಅಲ್ಲಿ ಕ್ರಮವೇ ತಿರುಗುಮುರುಗು. ಗ್ರೀಟಿಂಗ್ ಕಾರ್ಡು ಮತ್ತು ಆಟಿಕೆ ಮೊದಲು, ಕತೆ ಆಮೇಲೆ. 1984ರಲ್ಲಿ ಎಫ್‌ಸಿಸಿ ಮಕ್ಕಳ ಟೀವಿಯ ಜಾಹೀರಾತು ಮಿತಿಗಳನ್ನು ಸಡಿಲಿಸಿತು. ಹಾಟ್ ವೀಲ್ಸ್ ಕಾಲದಲ್ಲಿ ತಪ್ಪೆನಿಸಿದ್ದು ಆ ದಶಕದಲ್ಲಿ ಮಾಮೂಲಾಯಿತು. ಅವರು ತೀರಿಕೊಂಡದ್ದು 2006ರ ಜೂನ್ 2ರಂದು, 82ನೇ ವಯಸ್ಸಿನಲ್ಲಿ.

ಲೂಮಿಸ್‌ರನ್ನು ಖಳನಾಯಕ ಮಾಡುವ ಆಸೆ ನನಗಿಲ್ಲ. ಮಗುವಿನ ಆಸೆಯನ್ನು ಅವರಷ್ಟು ಚೆನ್ನಾಗಿ ಅರಿತವರು ಕಡಿಮೆ. ಆದರೆ ಮಾರುಕಟ್ಟೆ ಮಗುವನ್ನು ಗಿರಾಕಿಯಾಗಿ ಬಲು ಬೇಗ ಗುರುತಿಸಿತು. ಉಸಿರಾಡುವ ಪುಟ್ಟ ದೇಹವಾಗಿ ಗುರುತಿಸಲು ಕಾನೂನು ಬೇಕಾಯಿತು. ನಿಯಂತ್ರಣ ಅಂದರೆ ಉದ್ಯಮಕ್ಕೆ ಅಡ್ಡಗಾಲು ಅನ್ನುವವರಿಗೆ ನಾನು ಈ ದಪ್ಪ ಕತ್ತಿಯ ವೇಡರ್‌ನನ್ನು ತೋರಿಸುತ್ತೇನೆ. ಕಾನೂನು ಬಂದ ಮೇಲೂ ಉದ್ಯಮ ಮುಚ್ಚಲಿಲ್ಲ, ವಿನ್ಯಾಸ ಬದಲಾಯಿತು.

ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಹಿಂದಿರುವ ಐಎಸ್ 9873 ಮಾನದಂಡದಲ್ಲೂ ಇಂಥದೇ ಸಿಲಿಂಡರ್ ಪರೀಕ್ಷೆ ಇದೆ. ಆದರೂ ಜಾತ್ರೆಯಲ್ಲಿ, ಸಿಗ್ನಲ್ಲಿನಲ್ಲಿ ಗುರುತಿಲ್ಲದ ಗೊಂಬೆ ಸಿಗುತ್ತಲೇ ಇರುತ್ತದೆ, ನಾವು ಕೊಳ್ಳುತ್ತಲೇ ಇರುತ್ತೇವೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಎಸೆಯಬೇಡಿ. ಅದು ಆ ಸಿಲಿಂಡರಿಗಿಂತ ತುಸು ಅಗಲ. ಕೊಳವೆಯೊಳಗೆ ಜಾರಿಹೋಗುವ ಯಾವ ಆಟಿಕೆಯನ್ನೂ, ದೊಡ್ಡ ಮಕ್ಕಳದ್ದಾದರೂ ಸರಿ, ಮಗು ಓಡಾಡುವ ನೆಲದ ಮೇಲೆ ಬಿಡಬೇಡಿ.