ಮೂರು ವರ್ಷದ ನೀರಿನ ಲೆಕ್ಕ ಹಾಕಿದ ದಿವಾನರು

ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಶಿವನಸಮುದ್ರದ ವಿದ್ಯುತ್ತು. ಅದು ಸಹಜವೇ. ಆದರೆ ಅವರ 18 ವರ್ಷಗಳ ದಿವಾನಗಿರಿಯಲ್ಲಿ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಹೆಸರಘಟ್ಟ. ಒಂದು ಊರಿಗೆ ಎಷ್ಟು ನೀರು ಬೇಕು, ಅದನ್ನು ಎಲ್ಲಿಂದ ತರಬೇಕು, ಮಳೆ ಬಾರದಿದ್ದರೆ ಏನು ಗತಿ ಎಂಬ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡ ಯೋಜನೆಯದು.

1845ರಲ್ಲಿ ಪಾಲ್ಘಾಟ್ ಸೀಮೆಯಲ್ಲಿ ಹುಟ್ಟಿದ ಅಯ್ಯರ್, ಮದರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅವರು ಅಧಿಕಾರಿಯಾಗಿದ್ದಾಗಲೇ 1876-78ರ ಮಹಾಕ್ಷಾಮ ಬಂದೆರಗಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. 1883ರಲ್ಲಿ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ ದಿವಾನರಾದ ಅಯ್ಯರ್ ಅವರ ಕೈಗೆ ಬಂದದ್ದು ಕ್ಷಾಮದ ಸಾಲವನ್ನು ಹೊತ್ತ ಖಜಾನೆ. ರೈಲು, ನೀರಾವರಿ, ಗಣಿಗಳ ಬಗ್ಗೆ ಅವರು ತೋರಿದ ಆತುರವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟೆಯೂ ಅವರ ಕಾಲದಲ್ಲಿಯೇ ಆರಂಭವಾಗಿ 1907ರಲ್ಲಿ ಪೂರ್ಣಗೊಂಡಿತು. ನದಿಗಳ ಮೇಲೆ ಮೈಸೂರಿನ ಕೈಕಟ್ಟಿದ 1892ರ ಮದರಾಸು ಒಪ್ಪಂದವೂ ಅವರ ಕಾಲದ್ದೇ ಎಂಬುದನ್ನು ಮರೆಯುವಂತಿಲ್ಲ.

ಅಂದಿನ ಬೆಂಗಳೂರಿಗೆ ನದಿಯಿರಲಿಲ್ಲ, ಇಂದಿಗೂ ಇಲ್ಲ. ಪೇಟೆಯ ಜನ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿ, ಕಲ್ಯಾಣಿಗಳನ್ನೂ ನಂಬಿದ್ದರು. ದಂಡು ಪ್ರದೇಶಕ್ಕೆ ಹಲಸೂರು ಕೆರೆಯಿತ್ತು. ಅದು ಸಾಲದೆಂದು 1882ರಲ್ಲಿ ಸ್ಯಾಂಕಿ ಕೆರೆಯೂ ಆಯಿತು. ಇವೆಲ್ಲ ಒಂದೆರಡು ಮಳೆಗಾಲ ತಪ್ಪಿದರೆ ಬತ್ತುವ ಆಸರೆಗಳು. ಅಯ್ಯರ್ ಮತ್ತು ಅಂದಿನ ಮುಖ್ಯ ಎಂಜಿನಿಯರ್ ಹಚಿನ್ಸ್ ಅವರು ನಗರದಿಂದ ಸುಮಾರು 18 ಕಿ.ಮೀ. ದೂರದಲ್ಲಿ, ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಯನ್ನು ಆರಿಸಿಕೊಂಡರು. ಹೆಸರಘಟ್ಟದ ಜಲಾಶಯದಲ್ಲಿ ಮೂರು ವರ್ಷಕ್ಕೆ ಸಾಲುವಷ್ಟು ನೀರು ನಿಲ್ಲಬೇಕೆಂಬುದು ಯೋಜನೆಯ ತಳಹದಿ. ಕ್ಷಾಮವನ್ನು ಕಣ್ಣಾರೆ ಕಂಡವರು ಮಾತ್ರ ಹಾಕಬಲ್ಲ ಲೆಕ್ಕ ಇದು ಎಂದು ನನ್ನ ಭಾವನೆ. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಹರಿದು ಬರುತ್ತಿತ್ತು; ಅಲ್ಲಿಂದ ಮುಂದೆ ಸೋಲದೇವನಹಳ್ಳಿಯ ಹಬೆಯಂತ್ರಗಳು ಅದನ್ನು ನಗರಕ್ಕೆ ಏರಿಸುತ್ತಿದ್ದವು. ಆಗ ವಿದ್ಯುತ್ತೇ ಇರಲಿಲ್ಲ. ಇಳಿಜಾರು ಒದಗಿದಷ್ಟು ದೂರ ಖರ್ಚಿಲ್ಲ, ಏರಿಸುವಲ್ಲಿ ಮಾತ್ರ ಖರ್ಚು. 1896ರಲ್ಲಿ ನಲ್ಲಿಗಳಿಗೆ ನೀರು ಬಂದಿತು. 1894ರ ಕೊನೆಯಲ್ಲಿ ಅಕಾಲ ಮರಣಕ್ಕೀಡಾದ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನು ಈ ಜಲಕಾರ್ಯ ಹೊತ್ತಿತು. ಎರಡೇ ವರ್ಷಕ್ಕೆ ಪ್ಲೇಗು ಬಂದು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳು ಬೆಳೆಯತೊಡಗಿದವು.

ಅಯ್ಯರ್ ಅವರನ್ನು ಮೈಸೂರಿಗರೆಲ್ಲ ಮೆಚ್ಚಿದ್ದರೆಂದು ಹೇಳಿದರೆ ಅದು ಸತ್ಯವಾಗದು. ಉನ್ನತ ಹುದ್ದೆಗಳಲ್ಲಿ ಮದರಾಸಿನವರನ್ನೇ ತುಂಬಿದರೆಂಬ ದೂರು ಬಲವಾಗಿತ್ತು. ಅದು ನಿರಾಧಾರವೂ ಆಗಿರಲಿಲ್ಲ. ನನ್ನ ತಕರಾರು ಬೇರೆ. ಹೆಸರಘಟ್ಟವನ್ನು ತುಂಬುವುದು ಅದರ ಮೇಲ್ಭಾಗದ ದೊಡ್ಡಬಳ್ಳಾಪುರ ಸೀಮೆಯ ಕೆರೆಸರಣಿ. ಆ ಕೆರೆಗಳ ಹೂಳು, ಕಾಲುವೆ, ಕೋಡಿಗಳ ಜವಾಬ್ದಾರಿ ನೀರು ಕುಡಿಯುವ ನಗರದ ಮೇಲೆ ಬೀಳಲಿಲ್ಲ. ಮತ್ತೊಂದು ಕಡೆ, ನಲ್ಲಿ ಬಂದೊಡನೆ ಬೆಂಗಳೂರು ತನ್ನ ಕೆರೆಗಳನ್ನು ಕೈಬಿಟ್ಟಿತು. ಧರ್ಮಾಂಬುಧಿ ಇಂದು ಕೆಂಪೇಗೌಡ ಬಸ್ ನಿಲ್ದಾಣ; ಸಂಪಂಗಿ ಇಂದು ಕಂಠೀರವ ಕ್ರೀಡಾಂಗಣ. ಇದಕ್ಕೆ ದಿವಾನರೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ, ಆದರೆ ಬೀಜ ಅಲ್ಲಿಯೇ ಇತ್ತು.

ಅನಾರೋಗ್ಯದಿಂದ ಅಧಿಕಾರ ಬಿಟ್ಟ ಅಯ್ಯರ್ 1901ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು ಮರುವರ್ಷ. 1925ರ ಸುಮಾರಿಗೆ ಹೆಸರಘಟ್ಟ ಬರಿದಾಯಿತು. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಅದೇ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿ ಸೇರುವೆಡೆ, ತಿಪ್ಪಗೊಂಡನಹಳ್ಳಿ ಜಲಾಶಯವು 1933ರಲ್ಲಿ ಸಿದ್ಧವಾಯಿತು. ಅಲ್ಲಿಯವರೆಗೆ ನಗರದ ನೀರು ನಗರದ ಸುತ್ತಲಿನ ಮಳೆಯದೇ ಆಗಿತ್ತು.

1974ರಿಂದ ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡುತ್ತಿದ್ದೇವೆ; ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದೇ ಬಹುದೊಡ್ಡ ಪಾಲು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಜನ ಟ್ಯಾಂಕರ್ ಕೇಳಿದಷ್ಟು ತೆತ್ತರು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಯಿತು. ಅರ್ಕಾವತಿಯ ಕೆರೆಸರಣಿಯ ಹೂಳು ಯಾರ ಹೊಣೆ ಎಂಬ ಪ್ರಶ್ನೆ ಮಾತ್ರ ಶೇಷಾದ್ರಿ ಅಯ್ಯರ್ ಅವರ ಕಡತದಲ್ಲಿ ಇದ್ದಲ್ಲಿಯೇ ಇದೆ.