ಕುದುರೆ ಅಳೆದ ಜೇಮ್ಸ್ ವ್ಯಾಟ್

ಊರಲ್ಲಿ ಪಂಪ್‌ಸೆಟ್ಟು ಅಂದ್ರೆ ಐದು ಎಚ್‌ಪಿ. ಇಲ್ಲಿ ಲ್ಯಾಬಲ್ಲಿ ಎಲ್ಲಾ ಕಿಲೋವ್ಯಾಟ್. 746ರಿಂದ ಗುಣಿಸಿ ಗುಣಿಸಿ ಸಾಕಾಗಿರೋ ನಾವು, ಎರಡೂ ಅಳತೆಯ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆ ಅಂತ ಯೋಚಿಸಿದ್ದು ಕಡಿಮೆ.

ಜೇಮ್ಸ್ ವ್ಯಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಿಸಿ ರಿಪೇರಿ ಮಾಡೋ ಕೆಲಸ. ರಿಪೇರಿಗೆ ಬಂದ ನ್ಯೂಕಮನ್ ಎಂಜಿನ್ನಿನ ಮಾದರಿ, ತಣ್ಣಗಾದ ಸಿಲಿಂಡರನ್ನು ಮತ್ತೆ ಮತ್ತೆ ಬಿಸಿ ಮಾಡೋದಕ್ಕೇ ಆವಿ ಕಳೀತಿತ್ತು. 1765ರಲ್ಲಿ ಪ್ರತ್ಯೇಕ ಕಂಡೆನ್ಸರ್ ಹೊಳೆಯಿತು. ಹೊಳೆದಷ್ಟು ಬೇಗ ದುಡ್ಡು ಬರಲಿಲ್ಲ; ಹೊಟ್ಟೆಪಾಡಿಗೆ ಕಾಲುವೆ ಸರ್ವೆಗೆ ಹೋದ. 1773ರಲ್ಲಿ ಹಾಗೆ ದೂರ ಇದ್ದಾಗಲೇ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು.

ಆಮೇಲೆ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಜೊತೆ ಪಾಲುದಾರಿಕೆ. ಗಣಿಯವರು ಉಳಿಸಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ಇವರಿಗೆ. ಆದ್ರೆ ಕುದುರೆ ಕಟ್ಟಿ ಗಿರಣಿ ನಡೆಸೋನ ಹತ್ರ ಕಲ್ಲಿದ್ದಲ ಲೆಕ್ಕ ಎಲ್ಲಿಂದ ಬರಬೇಕು? ಅದಕ್ಕೇ ಕುದುರೆಯನ್ನೇ ಅಳೆದ: ನಿಮಿಷಕ್ಕೆ 33,000 ಅಡಿ-ಪೌಂಡ್, ಅಂದ್ರೆ 745.7 ವ್ಯಾಟ್. ದಿನವಿಡೀ ದುಡಿಯೋ ಕುದುರೆಗೆ ಅಷ್ಟು ಕಷ್ಟವೇ. ಗಿರಾಕಿ ಜಗಳಕ್ಕೆ ಬರದಿರಲಿ ಅಂತ ಹೆಚ್ಚೇ ಹಿಡಿದಿರಬೇಕು ಅಂತ ನಮ್ಮ ಊಹೆ.

ವ್ಯಾಟ್ 1819ರಲ್ಲಿ ತೀರಿಕೊಂಡ. ಪವರ್‌ನ ಮಾನಕ್ಕೆ ಅವನ ಹೆಸರಿಡೋಣ ಅಂತ ವಿಲಿಯಂ ಸೀಮೆನ್ಸ್ ಸೂಚಿಸಿದ್ದು 1882ರಲ್ಲಿ. ವಿದ್ಯುತ್ ಮೋಟಾರನ್ನು ವ್ಯಾಟ್ ಕಂಡೇ ಇರಲಿಲ್ಲ.