ಫ್ರೆಡ್ರಿಕ್ ಫ್ರೋಬೆಲ್

ಫ್ರೆಡ್ರಿಕ್ ಫ್ರೋಬೆಲ್ (21 ಏಪ್ರಿಲ್ 1782 – 21 ಜೂನ್ 1852) ಜರ್ಮನಿಯ ಶಿಕ್ಷಣತಜ್ಞ, ಕಿಂಡರ್‌ಗಾರ್ಟನ್ ಪದ್ಧತಿಯ ಪ್ರವರ್ತಕ. ಎಳೆಯ ಮಕ್ಕಳ ತರಗತಿಯಲ್ಲಿ ಸೂಜಿದಾರಗಳಿಗೆ ಕಲಿಕೆಯ ಸಾಧನವೆಂಬ ಸ್ಥಾನ ದೊರಕಿಸಿದವರಲ್ಲಿ ಪ್ರಮುಖ.

ಜೀವನ

ಈತ ಥುರಿಂಗಿಯಾದ ಓಬರ್‌ವೈಸ್‌ಬಾಕ್‌ನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದ. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ. 1805ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಧ್ಯಾಪಕನಾದ. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವರ್ಡನ್ನಿನಲ್ಲಿದ್ದು ಪೆಸ್ಟಲಾಜಿಯ ಬೋಧನಕ್ರಮವನ್ನು ಅಭ್ಯಸಿಸಿದ. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗಿನಲ್ಲಿ ಶಿಶುಗಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ.

ಹೊಲಿಗೆಯ ಪಾಠ

ಫ್ರೋಬೆಲನ ಪದ್ಧತಿಯಲ್ಲಿ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನ ಕೆಲಸ ಇವುಗಳೊಡನೆ ಹೊಲಿಗೆಯೂ ಸೇರಿತ್ತು. ಮಕ್ಕಳು ದಪ್ಪ ಕಾಗದದಲ್ಲಿ ರಂಧ್ರಗಳನ್ನು ಚುಚ್ಚಿ, ಬಣ್ಣದ ದಾರವನ್ನು ಅವುಗಳ ಮೂಲಕ ಹಾಯಿಸಿ, ಮೊದಲು ಸರಳರೇಖೆಗಳನ್ನೂ ಅನಂತರ ಚೌಕ, ಎಲೆ, ಹೂ ಮೊದಲಾದ ಆಕೃತಿಗಳನ್ನೂ ಮೂಡಿಸುತ್ತಿದ್ದರು. ಆಗ ಶಾಲೆಗಳಲ್ಲಿ ಹೊಲಿಗೆಯೆಂದರೆ ಹೆಣ್ಣುಮಕ್ಕಳಿಗೆ ಕಲಿಸುವ ಗೃಹಕೃತ್ಯ. ಕಿಂಡರ್‌ಗಾರ್ಟನ್ನಿನಲ್ಲಾದರೋ ಗಂಡುಮಕ್ಕಳೂ ಸೂಜಿ ಹಿಡಿದರು. ಉಡುಪು ಸಿದ್ಧಪಡಿಸುವುದು ಇಲ್ಲಿನ ಗುರಿಯಾಗಿರಲಿಲ್ಲ. ಬಿಂದುಗಳು ಸೇರಿ ರೇಖೆಯಾಗುವುದನ್ನೂ ರೇಖೆಗಳು ಸೇರಿ ಆಕೃತಿಯಾಗುವುದನ್ನೂ ಮಗು ತನ್ನ ಬೆರಳುಗಳಿಂದಲೇ ಅರಿಯಬೇಕೆಂಬುದು ಆಶಯ.

ನಿಷೇಧ ಮತ್ತು ಪ್ರಭಾವ

1851ರಲ್ಲಿ ಪ್ರಷ್ಯಾ ಸರ್ಕಾರ ನಾಸ್ತಿಕತೆ ಹಾಗೂ ಸಮಾಜವಾದಗಳ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ಮರಿಯೆಂಟಾಲ್‌ನಲ್ಲಿ ನಿಧನನಾದ. 1860ರಲ್ಲಿ ನಿಷೇಧ ರದ್ದಾದುದನ್ನು ನೋಡಲು ಆತನಿರಲಿಲ್ಲ. ಆತನ ಶಿಷ್ಯರು, ಅವರಲ್ಲೂ ಮಹಿಳೆಯರು, ಈ ಪದ್ಧತಿಯನ್ನು ಹಲವು ದೇಶಗಳಿಗೆ ಕೊಂಡೊಯ್ದರು. ಸೂಕ್ಷ್ಮ ರಂಧ್ರಗಳಿಂದ ಮಕ್ಕಳ ಕಣ್ಣು, ಬೆರಳುಗಳಿಗೆ ಆಯಾಸವಾಗುತ್ತದೆಂಬ ಆಕ್ಷೇಪ ಮುಂದೆ ಕೇಳಿಬಂದಿತು. ಇಂದಿನ ಶಿಶುವಿಹಾರಗಳಲ್ಲಿ ದೊಡ್ಡ ರಂಧ್ರಗಳ ರಟ್ಟಿಗೆ ಮಕ್ಕಳು ದಾರ ಪೋಣಿಸುವ ಚಟುವಟಿಕೆ ಇದೇ ಪರಂಪರೆಗೆ ಸೇರಿದುದು.